ಹಳೆಯ ನಾಣ್ಯಗಳ ಆನ್‌ಲೈನ್ ಹರಾಜು: ಐದಕ್ಕೆ ಎರಡು ನಕ್ಷತ್ರ

ಬ್ಯಾಂಕಿನ ನಗದು ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಮೈಸೂರು ಅರಸರ ಕಾಲದ ಮತ್ತು ಬ್ರಿಟಿಷ್ ಇಂಡಿಯಾದ ನಾಣ್ಯಗಳನ್ನು ಸಂಗ್ರಹಿಸುತ್ತೇನೆ, ಒಂದೇ ಬಗೆಯವು ಎರಡಿದ್ದರೆ ಒಂದನ್ನು ಮಾರುತ್ತೇನೆ. ಹೀಗಾಗಿ ನಾಣ್ಯಗಳಿಗೆಂದೇ ಇರುವ ಒಂದು ಹರಾಜು ತಾಣದಲ್ಲಿ ಕೊಳ್ಳುವವನಾಗಿಯೂ ಮಾರುವವನಾಗಿಯೂ ವ್ಯವಹರಿಸಿದ್ದೇನೆ. ನನ್ನ ದೂರೊಂದು ಇನ್ನೂ ಅವರ ಮುಂದಿರುವುದರಿಂದ ತಾಣದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಲ್ಲಿ ನಡೆಯುವ ವಂಚನೆಯ ರೀತಿ ಮಾತ್ರ ಎಲ್ಲ ಸಂಗ್ರಾಹಕರಿಗೂ ತಿಳಿದಿರಬೇಕು.

ಮೊದಲು ಮಾರುವವರ ವಿಷಯ. ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ಅಪರೂಪದ್ದು. ಶೇಕಡಾ 91.7ರಷ್ಟು ಬೆಳ್ಳಿಯಿದ್ದ ರೂಪಾಯಿಗಳಲ್ಲಿ ಅದೇ ಕೊನೆಯ ವರ್ಷದ್ದು. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. ಆದರೆ ಈ ತಾಣವನ್ನು ತೆರೆದು ನೋಡಿದರೆ 1939ರ ರೂಪಾಯಿಗಳು ರಾಶಿ ಬಿದ್ದಿರುತ್ತವೆ. ಕೆಲವು ಎರಕ ಹೊಯ್ದವು, ಇನ್ನು ಕೆಲವು 1938ರ ನಾಣ್ಯದ ಕೊನೆಯ ಅಂಕಿಯನ್ನು ಕೆತ್ತಿ ತಿದ್ದಿದವು. ಅಂಥ ಒಂದರ ಚಿತ್ರ ಕಂಡು, ತೂಕ ಎಷ್ಟೆಂದು ತಿಳಿಸಿ, ಅಂಚಿನ ಚಿತ್ರ ಹಾಕಿ ಎಂದು ಮಾರುವವರಿಗೆ ಬರೆದೆ. ಅಸಲಿ ರೂಪಾಯಿ 11.66 ಗ್ರಾಂ ತೂಗಬೇಕು. ಅಚ್ಚೊತ್ತಿದ ನಾಣ್ಯದ ಅಂಚಿನಲ್ಲಿ ಗೀರುಗಳು ಚೊಕ್ಕವಾಗಿರುತ್ತವೆ, ಎರಕದ್ದರಲ್ಲಿ ನಡುವೆ ಬೆಸುಗೆಯಂಥ ಗೆರೆ ಓಡುತ್ತದೆ. ‘ನಂಬಿಕೆ ಇದ್ದರೆ ಕೊಳ್ಳಿ ಸಾರ್’ ಎಂದು ಉತ್ತರ ಬಂತು. ಆಮೇಲೆ ತಮಗೆ ನಾನು ಬರೆಯದಂತೆ ಆ ಮಾರುವವರು ನನ್ನ ಖಾತೆಯನ್ನೇ ತಡೆಹಿಡಿದರು. ಕೆಲವು ವಾರಗಳಲ್ಲಿ ಅದೇ ನಾಣ್ಯ ಬೇರೆ ಹೆಸರಿನ ಅಂಗಡಿಯಲ್ಲಿ ಕಾಣಿಸಿತು. ದೊರೆಯ ಗದ್ದದ ಕೆಳಗಿನ ಓರೆ ಗೀರು ಹಾಗೆಯೇ ಇತ್ತು. ಎರಡೂ ಚಿತ್ರಗಳನ್ನು ಜೋಡಿಸಿ ತಾಣಕ್ಕೆ ದೂರು ಕಳುಹಿಸಿದೆ. ಹರಾಜು ನಿಲ್ಲಲಿಲ್ಲ. ಯಾರೋ ಅದನ್ನು ಕೊಂಡರು. ಆ ಮನುಷ್ಯನನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸುಳ್ಳು ಕೂಗು ಇನ್ನೊಂದು ಪಿಡುಗು. ಮಾರುವವನೋ ಅವನ ಕಡೆಯವನೋ ಬೇರೆ ಖಾತೆಯಿಂದ ಬೆಲೆ ಏರಿಸುತ್ತ ಹೋಗುತ್ತಾನೆ. ಇದು ಹೊಸದೇನಲ್ಲ. 2000ದಲ್ಲಿ ಇಬೇ ಎಂಬ ಹರಾಜು ತಾಣದಲ್ಲಿ 25 ಸೆಂಟಿಗೆ ಹರಾಜಿಗಿಟ್ಟ ವರ್ಣಚಿತ್ರವೊಂದು ಅಮೆರಿಕದ ಹೆಸರಾಂತ ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್ ಅವರದಿರಬಹುದೆಂಬ ಭ್ರಮೆ ಹುಟ್ಟಿ 1,35,805 ಡಾಲರ್‌ವರೆಗೆ ಏರಿತ್ತು. ಮಾರಾಟಗಾರ ತಾನೇ ಇನ್ನೊಂದು ಹೆಸರಿನಲ್ಲಿ ಕೂಗಿದ್ದು ಬಯಲಾಗಿ ಮಾರಾಟ ರದ್ದಾಯಿತು, ಮುಂದೆ ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ಇಬೇಯಲ್ಲಿ ಇಂದು ಕೂಗಿದವನ ಪೂರ್ತಿ ಹೆಸರು ಕಾಣದಿದ್ದರೂ, ಅವನ ಕೂಗುಗಳಲ್ಲಿ ಶೇಕಡಾ ಎಷ್ಟು ಇದೇ ಮಾರಾಟಗಾರನ ವಸ್ತುಗಳ ಮೇಲಿವೆ ಎಂಬುದನ್ನು ನೋಡಬಹುದು. ನಾನು ಹೇಳುತ್ತಿರುವ ತಾಣದಲ್ಲಿ ಮೊದಲ ಮತ್ತು ಕೊನೆಯ ಅಕ್ಷರ, ನಡುವೆ ಚುಕ್ಕೆಗಳು, ಅಷ್ಟೇ. ಬೆಲೆ ಏರಿಸಿದವನು ಕೊನೆಯ ಗಂಟೆಯಲ್ಲಿ ತನ್ನ ಕೂಗನ್ನು ಹಿಂತೆಗೆದುಕೊಂಡರೂ ತಡೆಯುವ ನಿಯಮವಿಲ್ಲ. ಹೀಗೆ ಮುಚ್ಚಿಟ್ಟು ಅವರು ಕಾಪಾಡುತ್ತಿರುವುದು ಗ್ರಾಹಕರ ಗುಟ್ಟನ್ನಲ್ಲ, ಕಳ್ಳರನ್ನು.

ಕೊಳ್ಳುವವರೆಲ್ಲ ಸಾಚಾ ಎಂದೇನೂ ಅಲ್ಲ. ನಾಲ್ಕನೆಯ ವಿಲಿಯಂ ದೊರೆಯ 1835ರ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿಯೊಂದನ್ನು ನಾನು ಮಾರಿದೆ. ದೊರೆಯ ಕತ್ತು ಮುಗಿಯುವಲ್ಲಿ ಸಣ್ಣದಾಗಿ ‘ಎಫ್’ ಅಕ್ಷರವಿರುವ ನಾಣ್ಯ ಅದು. ಕಳುಹಿಸುವ ಮುನ್ನ ತಕ್ಕಡಿಯ ಮೇಲಿಟ್ಟು, ಅಂಚು ಕಾಣುವಂತೆ ತಿರುಗಿಸಿ, ಲಕೋಟೆಗೆ ಹಾಕಿ ಅಂಟಿಸುವವರೆಗೂ ವಿಡಿಯೊ ಮಾಡಿಟ್ಟಿದ್ದೆ. ಕೊಂಡವರು ನಕಲಿ ಎಂದು ದೂರಿ ನಾಣ್ಯವನ್ನು ಹಿಂದಿರುಗಿಸಿದರು. ಲಕೋಟೆ ತೆರೆದರೆ ಒಳಗಿದ್ದದ್ದು ಬೇರೆಯೇ ನಾಣ್ಯ! ‘ಎಫ್’ ಇಲ್ಲ, ತೂಕ ಹನ್ನೊಂದು ಗ್ರಾಮನ್ನೂ ಮುಟ್ಟುವುದಿಲ್ಲ, ಕಲ್ಲಿನ ಮೇಲೆ ಬೀಳಿಸಿದರೆ ಬೆಳ್ಳಿಯ ನಾದವಿಲ್ಲ. ವಿಡಿಯೊ ಕಳುಹಿಸಿದೆ. ಅದನ್ನು ತೆರೆದು ನೋಡಿದ ಗುರುತೂ ಇಲ್ಲದ ಸಿದ್ಧ ಉತ್ತರ ಬಂತು, ಹಣ ಕೊಂಡವರಿಗೆ ವಾಪಸಾಯಿತು. ಬಾಕಿಯಿರುವ ದೂರು ಇದೇ. ಆ ರೂಪಾಯಿಯ ಬೆಲೆಗಿಂತ ಹೆಚ್ಚು ನೋಯಿಸುವುದು, ಅದೇ ಖಾತೆ ಇಂದಿಗೂ ಅಲ್ಲಿ ಕೊಳ್ಳುತ್ತಿದೆ ಎಂಬುದು.

ತಾಣದ ಸಂದೇಶ ಪೆಟ್ಟಿಗೆಗೂ ಕಾವಲಿಲ್ಲ. ಸಾಧಾರಣ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂಬ ಪತ್ರಗಳು ಅಲ್ಲಿಯೇ ಬರುತ್ತವೆ. ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಪ್ರಕಟಣೆ ಹೊರಡಿಸಿತ್ತು. ಮನೆಯಲ್ಲಿ ಅಜ್ಜಿಯ ಕಾಲದ ನಾಣ್ಯವಿರುವ ಪ್ರತಿಯೊಬ್ಬರಿಗೂ ಇದನ್ನು ಹೇಳಿರಿ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಾಗಾದರೆ ಎರಡು ನಕ್ಷತ್ರ ಏಕೆ? ಅಲ್ಲಿ ಪ್ರಾಮಾಣಿಕರೂ ಇದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳನ್ನು ಒಬ್ಬರಿಂದ ತರಿಸಿಕೊಂಡೆ. ಸವೆದ ಭಾಗವನ್ನೂ ಮರೆಮಾಚದೆ ತೋರಿಸಿದ್ದರು, ಪ್ರತಿಯೊಂದರ ತೂಕ ಬರೆದಿದ್ದರು. ಊರಿನಲ್ಲಿ ಕುಳಿತು ಅಂಥವು ಸಿಗುವುದು ಕಷ್ಟ. ಪೊಟ್ಟಣ ಕೈಸೇರುವವರೆಗೆ ಮಾರುವವರಿಗೆ ಹಣ ಬಿಡುಗಡೆ ಮಾಡದ ವ್ಯವಸ್ಥೆಯೂ ಒಳ್ಳೆಯದೇ.

ತೂಕ ಮತ್ತು ಅಂಚಿನ ಚಿತ್ರವಿಲ್ಲದ ಬೆಳ್ಳಿ ನಾಣ್ಯವನ್ನು ಹರಾಜಿಗೇ ಸೇರಿಸಬಾರದು, ಕೂಗಿದವರ ಹಿಂದಿನ ಕೂಗುಗಳನ್ನು ತೋರಿಸಬೇಕು ಎಂದು ತಾಣಕ್ಕೆ ಬರೆದಿದ್ದೇನೆ. ಅದು ಆಗುವವರೆಗೆ, ಕಡಿಮೆ ಬೆಲೆಯ ತಾಮ್ರದ ನಾಣ್ಯಗಳನ್ನು ಬೇಕಾದರೆ ಅಲ್ಲಿ ಕೊಳ್ಳಿರಿ. 1939ರ ರೂಪಾಯಿಯನ್ನು ನಾಣ್ಯ ಪ್ರದರ್ಶನಗಳಲ್ಲಿ, ಕೈಯಲ್ಲಿ ಹಿಡಿದು, ತೂಗಿ ನೋಡಿಯೇ ಕೊಳ್ಳಿರಿ.