ಮಲೆನಾಡಿನ ಥಂಡಿಗೆ ಯಾವ ವಾರ್ನಿಶ್ ತಡೆಯುತ್ತದೆ?

ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ‘ವಾರ್ನಿಶ್ ಕೊಡಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಸಿಂಥೆಟಿಕ್ ಕ್ಲಿಯರ್ ವಾರ್ನಿಶ್. ಬೆಲೆ ಕಡಿಮೆ, ಬ್ರಷ್ ಸಾಕು, ಒಂದು ಲೀಟರ್ ಒಂದು ಕೋಟ್‌ಗೆ ಸುಮಾರು 100 ಚದರ ಅಡಿ ಬರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಚ್ಚುವುದಾದರೆ ಇದಕ್ಕೆ ಹತ್ತಕ್ಕೆ ಏಳು ಅಂಕ. ಜೂನ್ ಹಿಡಿದ ಮೇಲೆ ನಾಲ್ಕೇ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಎಣ್ಣೆ ಇದು, ಮಳೆಗಾಲದ ಥಂಡಿಯಲ್ಲಿ ರಾತ್ರಿ ಕಳೆದರೂ ಅಂಟು ಬಿಡುವುದಿಲ್ಲ. ಬೇಗ ಮುಗಿಸೋಣ ಎಂದು ದಪ್ಪ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗೇ ಉಳಿದು ಸುಕ್ಕು ಏಳುತ್ತದೆ. ಮೊದಲ ಕೋಟ್‌ಗೆ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ 320 ನಂಬರ್ ಉಪ್ಪುಕಾಗದ ಹಗುರವಾಗಿ ಆಡಿಸಿ, ಧೂಳು ಒರೆಸಿ ಮುಂದಿನದಕ್ಕೆ ಹೋಗಬೇಕು. ಡಬ್ಬಿ ಕುಲುಕಬೇಡಿ, ಕಡ್ಡಿಯಲ್ಲಿ ಕಲಕಿ. ಕುಲುಕಿದ ಗುಳ್ಳೆಗಳೆಲ್ಲ ಮರದ ಮೇಲೆ ಕಾಣುತ್ತವೆ.

ಬೀಟೆ ಮರದ ಮೇಲಂತೂ ಇದನ್ನು ನೇರವಾಗಿ ಹಚ್ಚಲೇಬಾರದು. ಮರದೊಳಗಿನ ಸ್ವಾಭಾವಿಕ ಎಣ್ಣೆ-ರಾಳ ವಾರ್ನಿಶ್ ಒಣಗುವುದನ್ನೇ ತಡೆಯುತ್ತದೆ. ವಾರ ಕಳೆದರೂ ಬೆರಳಚ್ಚು ಮೂಡುವುದು ಇದರಿಂದ. ಸಾಗುವಾನಿಯಲ್ಲೂ ಎಣ್ಣೆ ಉಂಟು, ಆದರೆ ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿದರೆ ಹೆಚ್ಚಾಗಿ ಸಾಕಾಗುತ್ತದೆ. ಬೀಟೆಗೆ ಮಾತ್ರ ಅಡಿಯಲ್ಲಿ ಮೇಣ ತೆಗೆದ ಅರಗಿನ (ಶೆಲ್ಯಾಕ್) ಒಂದು ತೆಳು ಕೋಟ್ ಬೇಕು. ಮೇಣ ಇರುವ ಮಾಮೂಲಿ ಅರಗಿನ ಮೇಲೆ ಪಿಯು (ಪಾಲಿಯುರೆಥೇನ್ ವಾರ್ನಿಶ್) ಹಚ್ಚಿದರೆ ಆಮೇಲೆ ಸಿಪ್ಪೆಯ ಹಾಗೆ ಏಳಬಹುದು.

ಕರಕುಶಲದ ಸಣ್ಣ ಸಾಮಾನಿಗೆ, ಕೆತ್ತನೆಗೆ ನಮ್ಮ ಓಟು ಆ ಅರಗಿನ ಸ್ಪಿರಿಟ್ ಪಾಲಿಶ್‌ಗೇ. ಒಂದು ಲೀಟರ್ ಸ್ಪಿರಿಟ್‌ಗೆ 150ರಿಂದ 200 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಬೇಕು. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಬಣ್ಣ ಕಪ್ಪಾಗುತ್ತದೆ. ಹಳೆಯ ದ್ರಾವಣ ಎಷ್ಟು ಹೊತ್ತಾದರೂ ಗಟ್ಟಿಯಾಗದು, ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿಯೇ ಬಳಸಿ. ತೆಳ್ಳಗಿರುವುದರಿಂದ ಕೆತ್ತನೆಯ ಸಂದಿ ತುಂಬಿಕೊಳ್ಳುವುದಿಲ್ಲ. ಆದರೆ ಊಟದ ಟೇಬಲ್ಲಿಗೆ ಬೇಡ. ಬಿಸಿ ಕಾಫಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಗ್ಯಾರಂಟಿ. ಇನ್ನು ಸಾಗರದ ಗುಡಿಗಾರರ ಶ್ರೀಗಂಧದ ಕೆಲಸಕ್ಕೆ ಯಾವುದನ್ನೂ ಬಳಿಯಬೇಡಿ, ವಾಸನೆ ಮುಚ್ಚಿಹೋದರೆ ಗಂಧ ಇಟ್ಟುಕೊಂಡು ಏನು ಪ್ರಯೋಜನ!

ಟೇಬಲ್, ಕಪಾಟಿಗೆ ಮೆಲಮೈನ್ (ಹಾರ್ಡನರ್, ಅಂದರೆ ಗಟ್ಟಿಯಾಗಿಸುವ ದ್ರವ ಬೆರೆಸಿ ಹಚ್ಚುವ ಪಾಲಿಶ್) ಒಳ್ಳೆಯದು. ಮರದ ರಂಧ್ರ ಮುಚ್ಚುವ ಸೀಲರ್ ಎರಡು ಕೋಟ್, 320ರಲ್ಲಿ ಉಜ್ಜುವುದು, ಮೇಲೆ ಮೆಲಮೈನ್. ಹಾರ್ಡನರ್ ಅಳತೆ ಡಬ್ಬಿಯ ಮೇಲಿದ್ದಷ್ಟೇ. ಬೇಗ ಒಣಗಲಿ ಎಂದು ಜಾಸ್ತಿ ಸುರಿದರೆ ಮುಂದೆ ಬಿರುಕು. ಮಳೆಗಾಲದ ಮುಖ್ಯ ತೊಂದರೆ ಬಿಳಿಚುವುದು. ಥಿನ್ನರ್ ಸರ್ರನೆ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಇಳಿದು ಹಾಲು ಚೆಲ್ಲಿದಂತೆ ಕಾಣುತ್ತದೆ. ನಿಧಾನ ಆರುವ ರಿಟಾರ್ಡರ್ ಸ್ವಲ್ಪ ಬೆರೆಸಿದರೆ ಕಡಿಮೆಯಾದೀತು, ಆದರೆ ತೀರ್ಥಹಳ್ಳಿ, ಆಗುಂಬೆ ಕಡೆ ಜುಲೈನಲ್ಲಿ ಈ ಕೆಲಸ ಹಿಡಿಯದಿರುವುದೇ ಜಾಣತನ. ಒಣಗುವಾಗ ಕಣ್ಣುರಿಸುವ ಫಾರ್ಮಾಲ್ಡಿಹೈಡ್ ವಾಸನೆಯೂ ಬರುತ್ತದೆ, ಕಿಟಕಿ ತೆಗೆದಿಡಿ.

ಎರಚಲು ಹೊಡೆಯುವ ಮುಂಬಾಗಿಲಿಗೆ ಹೊರಾಂಗಣದ ಪಿಯು ಬಿಟ್ಟರೆ ಬೇರೆ ಹೇಳಲಾರೆವು. ಡಬ್ಬಿಯ ಮೇಲೆ ‘ಎಕ್ಸ್‌ಟೀರಿಯರ್’ ಎಂದಿರಬೇಕು. ಒಳಾಂಗಣದ್ದು ಬಿಸಿಲಿಗೆ ಹಳದಿಯಾಗುತ್ತದೆ. ಹಾರ್ಡನರ್ ಬೇರೆ ಡಬ್ಬಿಯಲ್ಲಿ ಬರುವ ಪಿಯುವಿನಲ್ಲಿ ಆ ಹಾರ್ಡನರ್ ತೇವದ ಜೊತೆಗೂ ಕೂಡಿ ಗುಳ್ಳೆ ಬಿಡುತ್ತದೆ, ಹಾಗಾಗಿ ಬಳಸಿದ ತಕ್ಷಣ ಮುಚ್ಚಳ ಬಿಗಿಯಿರಿ. ಅದನ್ನು ಸ್ಪ್ರೇ ಮಾಡುವಾಗ ಬಟ್ಟೆ ಮಾಸ್ಕ್ ಸಾಲದು. ಮರದ ತೇವ ಮೀಟರಿನಲ್ಲಿ 12-14 ಪರ್ಸೆಂಟ್ ದಾಟಿದ್ದರೆ ಯಾವ ಪಿಯುವೂ ಕಾಪಾಡದು. ಮತ್ತೆ, ಬಾಗಿಲು ಕೂರಿಸುವ ಮುಂಚೆಯೇ ಅದರ ಮೇಲಂಚು, ಕೆಳಂಚಿಗೆ ಎರಡು ಕೋಟ್ ಹೆಚ್ಚೇ ಹಚ್ಚಿಸಿ. ಕೆಲಸದವರು ಸಾಮಾನ್ಯವಾಗಿ ಬಿಟ್ಟುಬಿಡುವ ಜಾಗ ಅದು, ನೀರು ಕುಡಿದು ಬಾಗಿಲು ಉಬ್ಬುವುದೂ ಅಲ್ಲಿಂದಲೇ.