ಕೋವಿಶೀಲ್ಡ್, ಕೋವ್ಯಾಕ್ಸಿನ್, ಕೋವಿನ್: ಹಾಕಿಸಿಕೊಂಡು ನಾಲ್ಕು ವರ್ಷದ ಮೇಲೆ ಒಂದು ವಿಮರ್ಶೆ

2021ರಲ್ಲಿ ಕೋವಿಡ್ ಲಸಿಕೆಯ ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಆಯ್ಕೆ ಎಂಬುದೇ ಇರಲಿಲ್ಲ. ಆ ದಿನ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಯಾವ ವಯಲ್ (ಲಸಿಕೆಯ ಸೀಸೆ) ಬಂದಿದೆಯೋ ಅದು ತೋಳಿಗೆ. ಆದರೂ ಸಾಲಿನಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: 'ಇವತ್ತು ಯಾವುದು ಹಾಕ್ತಿದ್ದಾರೆ?' 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಆ ಪ್ರಶ್ನೆ ಇನ್ನೊಂದು ರೂಪದಲ್ಲಿ ಮರಳಿತು. ಅಂದು ಹಾಕಿಸಿಕೊಂಡದ್ದರಿಂದ ಈಗ ಏನಾದರೂ ಆದೀತೇ ಎಂಬ ಭಯ ಮನೆಮನೆಗೂ ಬಂತು. ಹಾಗಾಗಿ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎಂಬ ಈ ಎರಡು ಲಸಿಕೆಗಳನ್ನೂ ಅವನ್ನು ತಲುಪಿಸಿದ ವ್ಯವಸ್ಥೆಯನ್ನೂ ಈಗಲಾದರೂ ಸರಿಯಾಗಿ ತೂಗಿ ನೋಡಬೇಕು.

ತೀರ್ಪು ಮೊದಲೇ ಹೇಳುತ್ತೇವೆ. ಎರಡೂ ಒಳ್ಳೆಯ ಲಸಿಕೆಗಳು. ಯಾವ ಹೆಸರಿನದು ಎಂಬುದಕ್ಕಿಂತ ಎರಡನೇ ಡೋಸ್ ಯಾವಾಗ ಸಿಕ್ಕಿತು ಎಂಬುದೇ ಹೆಚ್ಚು ಜೀವಗಳ ವಿಷಯದಲ್ಲಿ ನಿರ್ಣಾಯಕವಾಯಿತು.

ಕೋವಿಶೀಲ್ಡ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ರೂಪಿಸಿದ ಲಸಿಕೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿತು. ಚಿಂಪಾಂಜಿಗಳಿಗೆ ನೆಗಡಿ ತರುವ ಅಡೆನೊವೈರಸ್ಸನ್ನು ಮರಿಹಾಕದಂತೆ ಮಾಡಿ, ಕೊರೊನಾದ ಮುಳ್ಳಿನ ಪ್ರೋಟೀನಿನ ಜೀನನ್ನು ಅದರೊಳಗೆ ಕೂರಿಸಿದ್ದಾರೆ. ಒಂದು ಡೋಸ್ 0.5 ಎಂಎಲ್, ಅದರಲ್ಲಿ 5,000 ಕೋಟಿ ವೈರಸ್ ಕಣಗಳು. 2ರಿಂದ 8 ಡಿಗ್ರಿಯಲ್ಲಿ, ಅಂದರೆ ಮಕ್ಕಳ ಲಸಿಕೆ ಇಡುವ ಅದೇ ಐಎಲ್‌ಆರ್ ಫ್ರಿಜ್ಜಿನಲ್ಲಿ ಇಡಬಹುದು. ದೇಶದ ಹಳ್ಳಿಹಳ್ಳಿಗೂ ಅದು ತಲುಪಿದ್ದಕ್ಕೆ ದೊಡ್ಡ ಕಾರಣ ಈ ಗುಣವೇ.

ಇದರ ದೊಡ್ಡ ತಕರಾರು ಅಂತರದ್ದು. 2021ರ ಜನವರಿಯಲ್ಲಿ ಎರಡು ಡೋಸ್ ನಡುವೆ 4ರಿಂದ 6 ವಾರ ಎಂದರು. ಮಾರ್ಚ್‌ನಲ್ಲಿ ಅದನ್ನು 8 ವಾರದವರೆಗೆ ಎಳೆದರು. ಮೇ 13ರಂದು 12ರಿಂದ 16 ವಾರ ಮಾಡಿದರು. ವಯಲ್ ಸಿಗದೆ ಜನ ಅಲೆಯುತ್ತಿದ್ದ ದಿನಗಳವು. ಕೊರತೆ ಮುಚ್ಚಿಕೊಳ್ಳಲು ಹೀಗೆ ಮಾಡಿದ್ದಾರೆ ಎಂದು ಜನ ಅನುಮಾನಪಟ್ಟದ್ದು ಸಹಜ. ಆದರೆ ವಿಜ್ಞಾನ ಇಲ್ಲದೆ ಮಾಡಿದ್ದಲ್ಲ. ಆಕ್ಸ್‌ಫರ್ಡ್ ಪ್ರಯೋಗಗಳಲ್ಲಿ 6 ವಾರಕ್ಕಿಂತ ಕಡಿಮೆ ಅಂತರದಲ್ಲಿ ಪರಿಣಾಮ ಶೇ 55.1 ಇದ್ದರೆ, 12 ವಾರ ದಾಟಿದಾಗ ಶೇ 81.3ಕ್ಕೆ ಏರಿತ್ತು. ಬೇಗ ಎರಡನೆಯದು ಕೊಟ್ಟರೆ ಹೊತ್ತು ತಂದ ಅಡೆನೊವೈರಸ್ಸಿನ ವಿರುದ್ಧವೇ ದೇಹ ತಿರುಗಿ ಬೀಳುವುದು ಒಂದು ಕಾರಣ ಇರಬಹುದು.

ತೊಂದರೆ ಏನೆಂದರೆ, ಆ ಅಂಕಿಗಳು ಕೊರೊನಾದ ಡೆಲ್ಟಾ ತಳಿ ಬರುವ ಮುಂಚಿನವು. ಡೆಲ್ಟಾ ಎದುರು ಒಂದೇ ಡೋಸ್ ರೋಗಲಕ್ಷಣ ತಡೆಯುವುದು ಸುಮಾರು ಶೇ 30ರಷ್ಟು ಮಾತ್ರ ಎಂದು ಬ್ರಿಟನ್ನಿನ ಅಧ್ಯಯನ ತೋರಿಸಿತು. ಎರಡು ಡೋಸ್ ಆದಾಗ ಅದು ಶೇ 67ಕ್ಕೆ ಹೋಗುತ್ತಿತ್ತು. ನಾವು 84 ದಿನಕ್ಕೆ ಎಳೆದ ಮರುದಿನವೇ, ಮೇ 14ರಂದು, ಬ್ರಿಟನ್ 50 ದಾಟಿದವರಿಗೆ 12 ವಾರವನ್ನು 8ಕ್ಕೆ ಇಳಿಸಿತು. ಇಲ್ಲಿ ಅಂತರ ಇಳಿದದ್ದು 2022ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಎರಡು ಅಲೆಗಳು ಕಳೆದಿದ್ದವು. ವಯಸ್ಸಾದವರಿಗೂ ಸಕ್ಕರೆ ಕಾಯಿಲೆ ಇದ್ದವರಿಗೂ 8 ವಾರ, 40ರ ಒಳಗಿನವರಿಗೆ 12 ವಾರ ಎಂದು ಬೇರೆ ಮಾಡಿದ್ದರೆ ಇದ್ದ ದಾಸ್ತಾನಿನಲ್ಲೇ ಹೆಚ್ಚು ಪ್ರಾಣ ಉಳಿಯುತ್ತಿತ್ತು ಎಂದು ನಮ್ಮ ದೃಢವಾದ ಅಭಿಪ್ರಾಯ.

ಜ್ವರದ ಬಗ್ಗೆ: ಕೋವಿಶೀಲ್ಡ್‌ನ ಮೊದಲ ಡೋಸಿನ ರಾತ್ರಿ ಚಳಿ, ಜ್ವರ, ಮೈಕೈ ನೋವು ಬರುವುದು ಮಾಮೂಲು. ಎರಡನೆಯದರಲ್ಲಿ ಕಡಿಮೆ. ಬಂದ ಮೇಲೆ ಡೋಲೋ 650 (ಪ್ಯಾರಾಸಿಟಮಾಲ್) ಒಂದು ಸಾಕು. ಜ್ವರ ಬರಲಿ ಬಿಡಲಿ ಎಂದು ಸೂಜಿಗೆ ಮುಂಚೆಯೇ ನುಂಗುವುದು ಬೇಡ.

ಇನ್ನು ರಕ್ತ ಹೆಪ್ಪುಗಟ್ಟುವ ಅಪರೂಪದ ತೊಂದರೆ. ಇದನ್ನು ಮುಚ್ಚಿಡುವುದೂ ತಪ್ಪು, ಉಬ್ಬಿಸುವುದೂ ತಪ್ಪು. ಲಸಿಕೆಯ ನಂತರ, ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಕಣಗಳಿಗೆ ಸಂಬಂಧಿಸಿದ ಪಿಎಫ್4 ಎಂಬ ಪ್ರೋಟೀನಿನ ವಿರುದ್ಧ ಕೆಲವರ ದೇಹ ಪ್ರತಿಕಾಯ ಹುಟ್ಟಿಸುತ್ತದೆ. ಆಗ ಒಂದೆಡೆ ಹೆಪ್ಪು, ಇನ್ನೊಂದೆಡೆ ಪ್ಲೇಟ್‌ಲೆಟ್ ಕುಸಿತ. ಲಸಿಕೆಯ ಅಡ್ಡಪರಿಣಾಮ ಪರಿಶೀಲಿಸುವ ಭಾರತದ ಸಮಿತಿ 2021ರ ಮೇನಲ್ಲಿ ಕೊಟ್ಟ ಲೆಕ್ಕ ಹತ್ತು ಲಕ್ಷ ಡೋಸಿಗೆ 0.61. ಬ್ರಿಟನ್ನಿನಲ್ಲಿ 4, ಜರ್ಮನಿಯಲ್ಲಿ 10 ಎಂದು ಅದೇ ವರದಿ ಹೇಳಿತ್ತು. ನಮ್ಮಲ್ಲಿ ವರದಿಯಾಗದೆ ಉಳಿದವೂ ಇರಬಹುದು, ಆದರೂ ಅಪರೂಪವೇ. ಲಕ್ಷಣಗಳು ಕಾಣುವುದು ಸಾಮಾನ್ಯವಾಗಿ 4 ದಿನದಿಂದ 4 ವಾರದೊಳಗೆ: ಮಾತ್ರೆಗೆ ಬಗ್ಗದ ತಲೆನೋವು, ಮಂಜಾದ ಕಣ್ಣು, ಉಸಿರಾಟದ ತೊಂದರೆ, ಒಂದೇ ಕಾಲಿನ ಊತ, ಬಿಡದ ಹೊಟ್ಟೆನೋವು, ಸೂಜಿ ಚುಚ್ಚಿದ ಜಾಗ ಬಿಟ್ಟು ಬೇರೆಡೆ ಕೆಂಪು ಚುಕ್ಕೆ. ಹೀಗಾದವರಿಗೆ ಮೊದಲು ಪ್ಲೇಟ್‌ಲೆಟ್ ಎಣಿಕೆ ಆಗಬೇಕು, ಹೆಪ್ಪು ತಡೆಯಲು ಸಾಮಾನ್ಯವಾಗಿ ಕೊಡುವ ಹೆಪಾರಿನ್ ಔಷಧ ಕೊಡಬಾರದು. ಹಿಂದೆ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿದವರಿಗೆ ಕೋವಿಶೀಲ್ಡ್ ಬದಲು ಕೋವ್ಯಾಕ್ಸಿನ್ ಕೊಡಬೇಕಿತ್ತು. ಲಸಿಕೆಯ ಹೆಸರು ನಿಜಕ್ಕೂ ಮುಖ್ಯವಾಗುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಕೋವ್ಯಾಕ್ಸಿನ್ ಹೈದರಾಬಾದಿನ ಭಾರತ್ ಬಯೋಟೆಕ್‌ನದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪುಣೆಯ ವೈರಾಣು ಸಂಸ್ಥೆ ಬೇರ್ಪಡಿಸಿ ಕೊಟ್ಟ ವೈರಸ್ಸನ್ನು ಬೆಳೆಸಿ, ಕೊಂದು, ಡೋಸಿಗೆ 6 ಮೈಕ್ರೋಗ್ರಾಂ ಲೆಕ್ಕದಲ್ಲಿ ತುಂಬಿದ್ದು. ಹಳೆಯ ನಂಬಿಕಸ್ಥ ವಿಧಾನ. ಅಂತರ 28 ದಿನ, ಹಾಗಾಗಿ ಒಂದೂವರೆ ತಿಂಗಳಲ್ಲಿ ಪೂರ್ತಿ ರಕ್ಷಣೆ. ಜ್ವರವೂ ಕಡಿಮೆ: ಪ್ರಯೋಗದಲ್ಲಿ ಲಸಿಕೆ ಪಡೆದವರಲ್ಲೂ ವೈರಸ್ ಅಂಶವಿಲ್ಲದ ಹುಸಿ ಸೂಜಿ ಪಡೆದವರಲ್ಲೂ ಅಡ್ಡಪರಿಣಾಮ ಒಂದೇ ಸಮ, ಶೇ 12.4.

ದೋಷ ಲಸಿಕೆಯಲ್ಲಲ್ಲ, ಅದಕ್ಕೆ ಅನುಮತಿ ಕೊಟ್ಟ ರೀತಿಯಲ್ಲಿ. ಮೂರನೇ ಹಂತದ ಪರಿಣಾಮದ ಅಂಕಿ ಕೈಯಲ್ಲಿ ಇಲ್ಲದೆಯೇ 2021ರ ಜನವರಿ 3ರಂದು 'ಕ್ಲಿನಿಕಲ್ ಟ್ರಯಲ್ ಮೋಡ್' ಎಂದು ಒಪ್ಪಿಗೆ ಕೊಟ್ಟರು. ಕೇಂದ್ರಗಳಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಬೇರೆ ಲಸಿಕೆ ಕೇಳುವ ಅವಕಾಶ ಕೊಡಲಿಲ್ಲ. ಮೊದಲು ಸಾಲಿನಲ್ಲಿ ನಿಂತ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಹಿಂಜರಿದಿದ್ದರೆ ಅವರನ್ನು ದೂರುವಂತಿಲ್ಲ. ಕೊನೆಗೆ ಬಂದ ಅಂಕಿ ಚೆನ್ನಾಗಿಯೇ ಇತ್ತು: 25,800 ಜನರ ಪ್ರಯೋಗದಲ್ಲಿ ಲಕ್ಷಣದ ವಿರುದ್ಧ ಶೇ 77.8, ತೀವ್ರ ಕಾಯಿಲೆಯ ವಿರುದ್ಧ ಶೇ 93.4, ಡೆಲ್ಟಾ ವಿರುದ್ಧ ಶೇ 65.2. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಮಾನ್ಯತೆ ಸಿಕ್ಕಿದ್ದು ನವೆಂಬರ್ 3ಕ್ಕೆ. ಅಲ್ಲಿಯವರೆಗೆ ಹೊರದೇಶಕ್ಕೆ ಓದಲು, ದುಡಿಯಲು ಹೊರಟವರು ಇದನ್ನು ಆರಿಸಿದ್ದರೆ ಅನೇಕ ದೇಶಗಳ ಲೆಕ್ಕದಲ್ಲಿ ಲಸಿಕೆ ಆಗದವರೇ. ಅಂಥವರಿಗೆ ಕೋವಿಶೀಲ್ಡ್ ಸರಿಯಾದ ಆಯ್ಕೆಯಾಗಿತ್ತು. ಜೂನ್‌ನಿಂದ ಅವರಿಗೆ ಎರಡನೇ ಡೋಸ್ 28 ದಿನಕ್ಕೇ ಕೊಡುವ ವಿನಾಯಿತಿಯೂ ಬಂತು.

77.8ನ್ನು 67ರ ಪಕ್ಕ ಇಟ್ಟು 'ಕೋವ್ಯಾಕ್ಸಿನ್ ಮೇಲು' ಎನ್ನುವವರು ಈಗಲೂ ಇದ್ದಾರೆ. ಬೇರೆ ದೇಶ, ಬೇರೆ ತಳಿ, ಬೇರೆ ತಿಂಗಳುಗಳ ಅಂಕಿಗಳವು. ಒಂದೇ ಊರಲ್ಲಿ ಒಂದೇ ಕಾಲಕ್ಕೆ ಎರಡನ್ನೂ ಕೊಟ್ಟು ನೋಡದೆ ಹಾಗೆ ಅಳೆಯಲು ಬರುವುದಿಲ್ಲ.

ಸ್ಪುಟ್ನಿಕ್ ವಿ ಎರಡು ಡೋಸಿಗೂ ಬೇರೆಬೇರೆ ಅಡೆನೊವೈರಸ್ ಬಳಸಿದ ಜಾಣ ಲಸಿಕೆ. ಆದರೆ ಮೈನಸ್ 18 ಡಿಗ್ರಿ ಬೇಕು, ಎರಡನೇ ಭಾಗದ ಪೂರೈಕೆ ಕಷ್ಟ. ನಗರದ ಖಾಸಗಿ ಆಸ್ಪತ್ರೆ ದಾಟಿ ಹೋಗಲಿಲ್ಲ. ಕಾರ್ಬಿವ್ಯಾಕ್ಸ್ 2022ರ ಮಾರ್ಚ್‌ನಿಂದ 12ರಿಂದ 14ರ ಮಕ್ಕಳಿಗೆ ಸಿಕ್ಕಿತು. ಖಾಸಗಿ ದರ 2021ರ ಜೂನ್‌ನಲ್ಲಿ ಗರಿಷ್ಠ ಕೋವಿಶೀಲ್ಡ್ 780, ಕೋವ್ಯಾಕ್ಸಿನ್ 1,410, ಸ್ಪುಟ್ನಿಕ್ 1,145 ರೂಪಾಯಿ. ಮುಂದಿನ ಏಪ್ರಿಲ್‌ನಲ್ಲಿ ಮೊದಲ ಎರಡರ ದರ 225ಕ್ಕೆ ಇಳಿಯಿತು, ಸೇವಾಶುಲ್ಕ ಬೇರೆ. ದರದಲ್ಲಿ ಗುಣದ ವ್ಯತ್ಯಾಸ ಏನೂ ಇರಲಿಲ್ಲ.

ಲಸಿಕೆಗೆ ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣ ಕೋವಿನ್ ದಾಖಲೆ ಇಡುವುದರಲ್ಲಿ ಅತ್ಯುತ್ತಮ, ಬಾಗಿಲು ತೆರೆಯುವುದರಲ್ಲಿ ಕಳಪೆ. ಮೊಬೈಲ್, ಒಟಿಪಿ, ಪಿನ್‌ಕೋಡ್, ಸ್ಲಾಟ್ ಎಂಬ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಆ ದಿನ ಮುಗಿಯಿತು. ಕನ್ನಡ ಸೇರಿದಂತೆ ನಮ್ಮ ಭಾಷೆಗಳು ಅದಕ್ಕೆ ಬಂದದ್ದು ಜೂನ್‌ನಲ್ಲಿ, ಅಷ್ಟರಲ್ಲಿ ಎರಡನೇ ಅಲೆ ತನ್ನ ಕೆಲಸ ಮುಗಿಸಿತ್ತು. ಕರ್ನಾಟಕದಲ್ಲಿ 18ರಿಂದ 44ರವರಿಗೆ ಮೇ 10ರಂದು ಶುರುವಾದದ್ದು ಮೇ 14ಕ್ಕೆ ನಿಂತಿತು. ಸ್ಲಾಟ್ ಇದ್ದಾಗಲೂ ಬೆರಳು ಚುರುಕಾದ ನಗರದವರು ದೂರದ ಹಳ್ಳಿಯ ಪಿಎಚ್‌ಸಿಯ ಪಿನ್‌ಕೋಡ್ ಹಾಕಿ ಹಿಡಿದುಬಿಡುತ್ತಿದ್ದರು, ಆ ಊರಿನವರೇ ಹೊರಗೆ ನಿಲ್ಲುತ್ತಿದ್ದರು. ನೇರವಾಗಿ ಬಂದವರಿಗೂ ಲಸಿಕೆ ಎಂಬ ನಿಯಮ ಮೊದಲ ದಿನದಿಂದ ಎಲ್ಲರಿಗೂ ಇರಬೇಕಿತ್ತು.

ಕೇಂದ್ರದೊಳಗೆ ಕೆಲಸ ಬಹಳ ಕಡೆ ಚೆನ್ನಾಗಿ ನಡೆಯಿತು. ಮತ್ತೆಂದಾದರೂ ಇಂಥ ಸಾಲಿನಲ್ಲಿ ನಿಲ್ಲಬೇಕಾದರೆ ನೋಡಿಕೊಳ್ಳಬೇಕಾದದ್ದು ಇಷ್ಟು. ವಯಲ್ ತೆರೆದ ಹೊತ್ತು ಅದರ ಮೇಲೆ ಬರೆದಿರಬೇಕು, 4 ಗಂಟೆ ದಾಟಿದರೆ ಬಳಸಬಾರದು ಎಂಬುದು ನಿಯಮವಾಗಿತ್ತು. ಹತ್ತು ಜನ ಸೇರುವವರೆಗೆ ಸಿಸ್ಟರ್ ಕಾಯಿಸುತ್ತಿದ್ದುದು ಅದಕ್ಕೇ, ಉದಾಸೀನದಿಂದಲ್ಲ. ಕೋವ್ಯಾಕ್ಸಿನ್‌ನಲ್ಲಿ ಅಲ್ಯುಮಿನಿಯಂ ಅಂಶ ತಳಕ್ಕೆ ಕೂರುವುದರಿಂದ ಮೆಲ್ಲಗೆ ಅಲುಗಿಸಿ ಎಳೆಯಬೇಕು. ಮಂಜುಗಡ್ಡೆಯಂತೆ ಗಟ್ಟಿಯಾಗಿದ್ದರೆ ಆ ವಯಲ್ ಕೆಟ್ಟಂತೆ. ಸಿರಿಂಜ್ ಒಮ್ಮೆ ಒತ್ತಿದ ಮೇಲೆ ಲಾಕ್ ಆಗುವ ಎಡಿ (ಆಟೊ ಡಿಸೇಬಲ್) ಆಗಿರಲಿ. ಸೂಜಿ ತೋಳಿನ ಮೇಲ್ಭಾಗದ ಮಾಂಸಖಂಡಕ್ಕೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮೊದಲೇ ಹೇಳಿ, ಆಮೇಲೆ 2 ನಿಮಿಷ ಉಜ್ಜದೆ ಒತ್ತಿ ಹಿಡಿಯಲಿ. ಅರ್ಧ ಗಂಟೆ ಕೂರಿಸುವುದು ತೀವ್ರ ಅಲರ್ಜಿ ಬಂದರೆ ಅಲ್ಲೇ ಅಡ್ರಿನಲಿನ್ ಕೊಡಲು. ಅದನ್ನು ತಪ್ಪಿಸಿ ಎದ್ದು ಹೋಗಬೇಡಿ.

ಕೊನೆಗೆ ಹೃದಯದ ಮಾತು. 18ರಿಂದ 45ರ ಆರೋಗ್ಯವಂತರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ 47 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಸಿತು. ಲಸಿಕೆಯಿಂದ ಅಪಾಯ ಹೆಚ್ಚಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಕಂಡದ್ದು ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಇದ್ದವರಲ್ಲಿ, ಹಿಂದಿನ ಎರಡು ದಿನದಲ್ಲಿ ವಿಪರೀತ ಕುಡಿದವರಲ್ಲಿ, ಅತಿಯಾಗಿ ದೇಹ ದಂಡಿಸಿದವರಲ್ಲಿ. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯದ ಸಮಿತಿಯೂ ಲಸಿಕೆಗೂ ಇದಕ್ಕೂ ನಂಟಿಲ್ಲ ಎಂದಿತು. ಕೋವಿಶೀಲ್ಡ್‌ನ ಹೆಪ್ಪಿನ ತೊಂದರೆ ವಾರಗಳ ಲೆಕ್ಕದ್ದು, ವರ್ಷಗಳದ್ದಲ್ಲ. ಈಗ ಎದೆ ಹಿಂಡಿದಂತಾಗಿ ಎಡತೋಳಿಗೋ ದವಡೆಗೋ ನೋವು ಇಳಿದರೆ ಲಸಿಕೆಯ ಸರ್ಟಿಫಿಕೇಟ್ ಹುಡುಕುತ್ತಾ ಕೂರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.