ಮುಧೋಳ ಮರಿಗಳ ಜೋಡಿ ಕೊಳ್ಳುವ ಮುನ್ನ ರಕ್ತಸಂಬಂಧ ವಿಚಾರಿಸಿ

‘ಗಂಡು ಒಂದು ಮನೆಯದು, ಹೆಣ್ಣು ಇನ್ನೊಂದು ಮನೆಯದು, ಸಂಬಂಧವೇ ಇಲ್ಲ’ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿ ಮುಧೋಳ ತಳಿಯ ನಾಯಿಮರಿಗಳನ್ನು ಜೋಡಿಯಾಗಿ ಕೊಡಲು ಬಂದರೆ ದಯವಿಟ್ಟು ನಂಬಬೇಡಿ. ನಮಗೆ ಮಾರಿದವನೂ ಹೀಗೆಯೇ ಆಣೆ ಮಾಡಿದ್ದ. ಎರಡು ಬೇರೆ ತಾಯಿಗಳನ್ನು ಕರೆತಂದು ತೋರಿಸಿಯೂ ಇದ್ದ.

ನಮ್ಮ ಹೆಣ್ಣು ಮೊದಲ ಸಲ ಈದಾಗ ಹೆಚ್ಚಿನ ಮರಿಗಳು ಸತ್ತೇ ಹುಟ್ಟಿದವು. ಬದುಕಿದ್ದ ಒಂದು ಮರಿ ಮೊಲೆಗೆ ಬಾಯಿ ಹಚ್ಚಿದ ಕೂಡಲೇ ಹಾಲು ಮೂಗಿನ ಹೊಳ್ಳೆಗಳಿಂದ ಗುಳ್ಳೆಯಾಗಿ ಹೊರಬರುತ್ತಿತ್ತು. ಪಶುವೈದ್ಯರು ಅದರ ಬಾಯಿ ತೆರೆದು ಟಾರ್ಚ್ ಬಿಟ್ಟು ತೋರಿಸಿದರು: ಅಂಗುಳು ನಡುವೆ ಸೀಳಿತ್ತು. ಹಾಲು ಶ್ವಾಸಕೋಶಕ್ಕೆ ಇಳಿದು ಅದೂ ತೀರಿಕೊಂಡಿತು. ಸೀಳು ಅಂಗುಳಿಗೆ ಬೇರೆ ಕಾರಣಗಳೂ ಇರುತ್ತವೆ. ಆದರೂ ವೈದ್ಯರ ಸಲಹೆಯಂತೆ ಎರಡೂ ನಾಯಿಗಳ ಕೆನ್ನೆಯ ಒಳಗಿನಿಂದ ಮಾದರಿ ತೆಗೆದು ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ಅವು ಒಂದೇ ತಂದೆ ತಾಯಿಯ ಮಕ್ಕಳು!

ಒಡಹುಟ್ಟಿದವನ್ನು ಕೂಡಿಸಿದರೆ ಮರಿಯ ಜೀನ್ ಜೋಡಿಗಳಲ್ಲಿ ಸರಾಸರಿ ಶೇ 25ರಷ್ಟು ಒಂದೇ ಮೂಲದ ಎರಡು ಪ್ರತಿಗಳಾಗಿರುತ್ತವೆ. ತಂದೆ, ತಾಯಿ ಇಬ್ಬರಲ್ಲೂ ಅಡಗಿ ಕುಳಿತಿದ್ದ ದೋಷ ಮರಿಯಲ್ಲಿ ಮೇಲೆದ್ದು ಬರುವುದು ಹೀಗೆ. ಮಾರಿದವನನ್ನು ಕೇಳಿದರೆ ‘ಹೊರಗಿನ ರಕ್ತ ಬಂದರೆ ತಳಿ ಕೆಡುತ್ತದೆ’ ಎಂದ. ಇದು ಶುದ್ಧ ಸುಳ್ಳು. ದೂರದ ಊರಿನ, ಬೇರೆ ವಂಶದ ಮುಧೋಳ ನಾಯಿಯೂ ಮುಧೋಳ ನಾಯಿಯೇ. ಗ್ರೇಹೌಂಡ್ ಎಂಬ ವಿದೇಶಿ ತಳಿಯನ್ನು ಬೆರೆಸುವುದು ಬೇರೆ ಮಾತು. ಅದೂ ನಡೆಯುತ್ತಿದೆ, ಅದೂ ಮೋಸವೇ.

2016ರಲ್ಲಿ ಸೇನೆ ಈ ತಳಿಯ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದ ಮೇಲೆ ಬೇಡಿಕೆ ಏರಿದೆ. ಕೈಯಲ್ಲಿರುವ ನಾಲ್ಕೇ ನಾಯಿಗಳಿಂದ ವರ್ಷವರ್ಷವೂ ಮರಿ ತೆಗೆಯುವವರಿಗೆ ಇದೇ ಸುಗ್ಗಿ.

ಕೊಳ್ಳುವಾಗ ತಂದೆ, ತಾಯಿ ಎರಡನ್ನೂ ಕಣ್ಣಾರೆ ನೋಡಿ. ಅಜ್ಜ ಅಜ್ಜಿಯರ ವಿವರ, ಮೈಕ್ರೋಚಿಪ್ (ಗುರುತಿಗೆಂದು ನಾಯಿಯ ಚರ್ಮದಡಿ ಇಡುವ ಚಿಪ್) ಸಂಖ್ಯೆ ಬರೆಸಿಕೊಳ್ಳಿ. ಜೋಡಿಯನ್ನು ಒಬ್ಬನಿಂದಲೇ ತರಬೇಡಿ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸಿ. ಈಗಾಗಲೇ ಜೋಡಿ ತಂದಿದ್ದರೆ, ಹೆಣ್ಣು ಬೆದೆಗೆ ಬರುವ ಮೊದಲೇ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಎರಡನ್ನೂ ಬೇರೆ ಬೇರೆ ಇಡಿ.